ಆಸ್ಟ್ರೇಲಿಯಾದ ಕನ್ನಡ ಕುಟುಂಬಗಳಿಗೆ ಬಹಿರಂಗ ಪತ್ರ: ಎನ್‌ಡಿಐಎಸ್ ಹಣವನ್ನು ನಾವೇ ನಿರ್ವಹಿಸುವಾಗ

ಮಾನ್ಯರೇ,

ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್, ಪರ್ತ್, ಅಡಿಲೇಡ್‌ಗಳಲ್ಲಿ ನೆಲೆಸಿ, ಮನೆಯಲ್ಲಿ ವಿಕಲಚೇತನರಾದ ಮಕ್ಕಳನ್ನೋ ಒಡಹುಟ್ಟಿದವರನ್ನೋ ಬಾಳಸಂಗಾತಿಯನ್ನೋ ನೋಡಿಕೊಳ್ಳುತ್ತಿರುವ ಕನ್ನಡ ಕುಟುಂಬಗಳಿಗೆ, ಆ ಮನೆಗಳಲ್ಲಿ ಬಾಳುತ್ತಿರುವ ವಿಕಲಚೇತನರಿಗೆ, ಹಾಗೂ ಈ ಎಲ್ಲರನ್ನೂ ಹಬ್ಬದ ಸಂಜೆಗಳಲ್ಲಿ ಮಾತ್ರ ಕಾಣುವ ಕನ್ನಡ ಸಂಘಗಳ ಪದಾಧಿಕಾರಿಗಳಿಗೆ ಈ ಪತ್ರ. ರಾಷ್ಟ್ರೀಯ ಅಂಗವೈಕಲ್ಯ ವಿಮಾ ಯೋಜನೆಯಿಂದ, ಅಂದರೆ ಎನ್‌ಡಿಐಎಸ್‌ನಿಂದ, ಮನೆಯ ಆರೈಕೆಗೆಂದು ಮಂಜೂರಾಗುವ ಹಣವನ್ನು ಸಂಸ್ಥೆಗಳಿಗೆ ಬಿಡದೆ ನಾವೇ ನಿರ್ವಹಿಸುವ ಪದ್ಧತಿ ನಮ್ಮವರಲ್ಲಿ ಹೆಚ್ಚುತ್ತಿದೆ. ಅದು ಹೆಚ್ಚಲಿ ಎಂದು ಬಯಸುವವರಲ್ಲಿ ನಾನೂ ಒಬ್ಬಳು. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಚಲನೆ ಕಷ್ಟವಾಗುವ ಸ್ಥಿತಿ) ಇರುವ, ಈಗ ವಯಸ್ಕನಾಗಿರುವ ಮಗನ ಪರವಾಗಿ ನಾಮಿನಿಯಾಗಿ, ಅಂದರೆ ಯೋಜನೆಯಡಿ ನೇಮಕವಾದ ಪ್ರತಿನಿಧಿಯಾಗಿ, ಈ ಕೆಲಸ ಮಾಡುತ್ತಿದ್ದೇನೆ. ಹೊಟ್ಟೆಪಾಡಿಗೂ ಲೆಕ್ಕಪತ್ರದ ಕೆಲಸವನ್ನೇ ನೆಚ್ಚಿಕೊಂಡವಳು. ಹಾಗಿದ್ದೂ ನಮ್ಮ ಸಮುದಾಯದಲ್ಲಿ ಈ ಹಣ ಬಳಕೆಯಾಗುತ್ತಿರುವ ಬಗೆಯ ಕುರಿತು ನನಗೆ ತಕರಾರಿದೆ. ಅದನ್ನು ಮನೆಮನೆಯ ಪಿಸುಮಾತಿನಲ್ಲಿ ಹೇಳುವುದಕ್ಕಿಂತ ಬಹಿರಂಗವಾಗಿ ಹೇಳುವುದು ಮೇಲು ಎನಿಸಿ ಬರೆಯುತ್ತಿದ್ದೇನೆ.

ಹಿನ್ನೆಲೆ ಚುಟುಕಾಗಿ. 2011ರಲ್ಲಿ ಇಲ್ಲಿನ ಸರ್ಕಾರದ ಸಲಹಾ ಸಂಸ್ಥೆಯಾದ ಉತ್ಪಾದಕತಾ ಆಯೋಗವು ಅಂದಿನ ಅಂಗವೈಕಲ್ಯ ಸೇವೆಗಳನ್ನು ಹಣ ಸಾಲದ, ನ್ಯಾಯವಿಲ್ಲದ, ಚೂರುಚೂರಾದ ವ್ಯವಸ್ಥೆಯೆಂದು ವರದಿ ಮಾಡಿತು. 2013ರಲ್ಲಿ ಕಾಯ್ದೆಯಾಯಿತು, ಅದೇ ವರ್ಷದ ಜುಲೈನಲ್ಲಿ ಆಯ್ದ ಪ್ರದೇಶಗಳಲ್ಲಿ ಯೋಜನೆ ಆರಂಭವಾಯಿತು. ಅದುವರೆಗೆ ಹಣ ಬಹುಪಾಲು ಸೇವಾ ಸಂಸ್ಥೆಗೆ ಹೋಗುತ್ತಿತ್ತು, ಸಂಸ್ಥೆ ಕೊಟ್ಟದ್ದನ್ನು ವ್ಯಕ್ತಿ ಪಡೆಯಬೇಕಿತ್ತು. ಹೊಸ ಕಾಯ್ದೆಯಲ್ಲಿ ಹಣ ವ್ಯಕ್ತಿಯ ಹೆಸರಿನಲ್ಲಿ ನಿಗದಿಯಾಗುತ್ತದೆ, ಯಾರಿಂದ ಸೇವೆ ಪಡೆಯಬೇಕೆಂಬುದನ್ನು ವ್ಯಕ್ತಿ ತೀರ್ಮಾನಿಸುತ್ತಾನೆ. ನಾಗರಿಕರು, ಕಾಯಂ ನಿವಾಸಿಗಳು ಮತ್ತು ನ್ಯೂಜಿಲೆಂಡಿಗರ ಒಂದು ವರ್ಗದವರು ಮಾತ್ರ, ಅದೂ 65 ವರ್ಷದೊಳಗೆ ಅರ್ಜಿ ಹಾಕಿದವರು ಮಾತ್ರ ಇದಕ್ಕೆ ಅರ್ಹರು. ತಾತ್ಕಾಲಿಕ ವೀಸಾದಲ್ಲಿರುವ ನಮ್ಮ ಎಷ್ಟೋ ಕುಟುಂಬಗಳು ಹೊರಗೇ ಉಳಿಯುತ್ತವೆ. ಮಗುವಿನ ಆರೈಕೆಯ ಅಂದಾಜು ವೆಚ್ಚ ಸರ್ಕಾರದ ಮಿತಿಯನ್ನು (2024ರ ಜುಲೈಯಿಂದ 86,000 ಡಾಲರ್) ಮೀರಿತೆಂಬ ಕಾರಣಕ್ಕೆ ಇಡೀ ಕುಟುಂಬದ ಕಾಯಂ ವೀಸಾವೇ ಆರೋಗ್ಯ ನಿಯಮದಡಿ ತಿರಸ್ಕೃತವಾಗಬಹುದಾದ ದೇಶವಿದು. ಆ ಅನ್ಯಾಯಕ್ಕೆ ಇನ್ನೊಂದು ಪತ್ರವೇ ಬೇಕು. ಇಲ್ಲಿ ಹೇಳಲು ಕಾರಣವೇನೆಂದರೆ, ಒಳಗೆ ಬಂದ ನಾವು ಈ ಹಣವನ್ನು ಹಗುರವಾಗಿ ಕಾಣುವಾಗ ಬಾಗಿಲ ಹೊರಗೆ ನಿಂತವರು ನೋಡುತ್ತಿರುತ್ತಾರೆ.

ಮಂಜೂರಾದ ಹಣವನ್ನು ಮೂರು ಬಗೆಯಲ್ಲಿ ನಿರ್ವಹಿಸಬಹುದು. ಯೋಜನೆಯ ಏಜೆನ್ಸಿಯೇ ನೇರವಾಗಿ ಬಿಲ್ ಪಾವತಿಸುವುದು ಒಂದು. ಆಗ ನೋಂದಾಯಿತ ಸಂಸ್ಥೆಗಳನ್ನು ಮಾತ್ರ ಬಳಸಬಹುದು. ಪ್ಲಾನ್ ಮ್ಯಾನೇಜರ್ ಎಂಬ ಮಧ್ಯವರ್ತಿ ಬಿಲ್ ನೋಡಿಕೊಳ್ಳುವುದು ಎರಡನೆಯದು. ಆಗ ನೋಂದಣಿಯಿಲ್ಲದವರನ್ನೂ ಕರೆಯಬಹುದು, ಆದರೆ ಸರ್ಕಾರದ ದರಮಿತಿಯನ್ನು ದಾಟುವಂತಿಲ್ಲ. ಮೂರನೆಯದು ಸ್ವಯಂ ನಿರ್ವಹಣೆ: ಸೇವೆ ಪಡೆದು, ಇನ್‌ವಾಯ್ಸ್ ತರಿಸಿಕೊಂಡು, ಪೋರ್ಟಲ್ಲಿನಲ್ಲೋ ಆ್ಯಪಿನಲ್ಲೋ ಕ್ಲೇಮ್ ಹಾಕಿ, ಖಾತೆಗೆ ಬಂದ ಹಣದಿಂದ ನಾವೇ ಪಾವತಿಸುವುದು. ಮನೆಯ ಸಾಮಾನ್ಯ ಆರೈಕೆಗೆ ಇಲ್ಲಿ ನೋಂದಣಿಯ ಕಟ್ಟೂ ಇಲ್ಲ, ದರಮಿತಿಯ ಕಟ್ಟೂ ಇಲ್ಲ. ಒಂದೇ ಪ್ಲಾನಿನ (ಒಬ್ಬರಿಗೆ ಮಂಜೂರಾದ ನೆರವಿನ ಯೋಜನೆಯ) ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ಬಗೆಯನ್ನು ಆರಿಸಿಕೊಳ್ಳಲೂ ಅವಕಾಶವಿದೆ. ಇದು ಬಹಳ ಮಂದಿಗೆ ಗೊತ್ತಿಲ್ಲ.

ಸ್ವಯಂ ನಿರ್ವಹಣೆಯಿಂದ ನಮ್ಮಂಥವರಿಗೆ ಆಗುವ ಲಾಭ ದೊಡ್ಡದು. 2025–26ರ ದರಪಟ್ಟಿಯಲ್ಲಿ ವಾರದ ದಿನ ಹಗಲು ಹೊತ್ತಿನ ಸಾಮಾನ್ಯ ಆರೈಕೆಗೆ ಗಂಟೆಗೆ 70.23 ಡಾಲರ್ ಮಿತಿ. ಭಾನುವಾರಕ್ಕೆ ಅದರ ಒಂದೂ ಮುಕ್ಕಾಲು ಪಟ್ಟಿಗೂ ಹೆಚ್ಚು. ಸಂಸ್ಥೆಗಳು ಬಹುತೇಕ ಆ ಮಿತಿಯ ತುದಿಯನ್ನೇ ದರವಾಗಿ ಹಾಕುತ್ತವೆ, ಅದರಲ್ಲಿ ಕಚೇರಿ, ಮೇಲ್ವಿಚಾರಣೆ, ವಿಮೆಗಳ ಖರ್ಚೆಲ್ಲ ಸೇರಿರುತ್ತದೆ. ಒಂದು ಲೆಕ್ಕ ನೋಡಿ. ಮನೆಯ ಆರೈಕೆಗೆ ಮೂರು ತಿಂಗಳಿಗೆ 9,000 ಡಾಲರ್ ಇದೆಯೆಂದುಕೊಂಡರೆ, ಆ ದರದಲ್ಲಿ 128 ಗಂಟೆ ಸಿಗುತ್ತದೆ, ಅಂದರೆ ವಾರಕ್ಕೆ ಹತ್ತು ಗಂಟೆಗೂ ತುಸು ಕಡಿಮೆ. ಸ್ವತಂತ್ರವಾಗಿ ಕೆಲಸ ಮಾಡುವ ಒಳ್ಳೆಯ ಸಪೋರ್ಟ್ ವರ್ಕರ್ ಒಬ್ಬರು 55 ಡಾಲರಿಗೆ ಒಪ್ಪಿದರೆ ಅದೇ ಹಣಕ್ಕೆ ವಾರಕ್ಕೆ ಹನ್ನೆರಡೂವರೆ ಗಂಟೆ. ಮಂಚದಿಂದ ಎಬ್ಬಿಸಿ, ಸ್ನಾನ ಮಾಡಿಸಿ, ಗಾಲಿಕುರ್ಚಿಗೆ ಕೂರಿಸಬೇಕಾದ ಮನೆಯಲ್ಲಿ ವಾರಕ್ಕೆ ಎರಡೂವರೆ ಗಂಟೆಯೆಂದರೆ ಏನೆಂಬುದನ್ನು ಬೆನ್ನುನೋವಿನ ತಾಯಂದಿರಿಗೆ ಬಿಡಿಸಿ ಹೇಳಬೇಕಿಲ್ಲ. ಹಣದ ಲೆಕ್ಕಕ್ಕೆ ಸಿಗದ ಲಾಭವೂ ಇದೆ. ನನ್ನ ಮಗನಿಗೆ ಬಾಯಲ್ಲಿ ಬರುವ ಮಾತುಗಳು ಕಡಿಮೆ, ಅರ್ಥವಾಗುವುದು ಕನ್ನಡವೂ ಹೌದು ಇಂಗ್ಲಿಷೂ ಹೌದು. ನೋವಾದಾಗ ಮಾತ್ರ ಅವನು ಕನ್ನಡದಲ್ಲೇ ಹೇಳುವುದು. ಅದನ್ನು ತಿಳಿಯಬಲ್ಲವರನ್ನು ನಾವೇ ಹುಡುಕಿ ಕರೆತರಲು ಸಾಧ್ಯವಾಗಿದ್ದು ಈ ವ್ಯವಸ್ಥೆಯಿಂದ.

ತಕರಾರು ಶುರುವಾಗುವುದೂ ಇಲ್ಲಿಂದಲೇ. ಕನ್ನಡ ಬಲ್ಲ ಕೆಲಸದವರು ಬೇಕೆಂದಾಗ ನಾವು ಮೊದಲು ಕೈಚಾಚುವುದು ಓದಲೆಂದು ಬಂದ ವಿದ್ಯಾರ್ಥಿಗಳ ಕಡೆಗೆ. ಹಾಸನದಿಂದಲೋ ದಾವಣಗೆರೆಯಿಂದಲೋ ಬಂದ ಹುಡುಗಿಗೆ ಬಾಡಿಗೆ ಕಟ್ಟಬೇಕಿರುತ್ತದೆ, ಮನೆಯ ಊಟದ ಆಸೆಯೂ ಇರುತ್ತದೆ. ‘ನಮ್ಮ ಮಗಳಿದ್ದ ಹಾಗೆ’ ಎನ್ನುತ್ತಾ ಗಂಟೆಗೆ ಇಷ್ಟೆಂದು ಕೈಗೆ ನಗದು ಕೊಡುವುದು, ಭಾನುವಾರಕ್ಕೂ ಅದೇ ದರ, ರಾತ್ರಿ ಉಳಿದರೆ ಊಟವೇ ಸಂಬಳ, ಕ್ಲೇಮ್ ಹಾಕುವಾಗ ಮಾತ್ರ ಎಬಿಎನ್ (ಸ್ವಂತ ವ್ಯವಹಾರದ ನೋಂದಣಿ ಸಂಖ್ಯೆ) ಇರುವ ಇನ್ಯಾರದೋ ಹೆಸರಿನಲ್ಲಿ ಪೂರ್ತಿ ದರದ ಇನ್‌ವಾಯ್ಸ್. ಇಂಥದ್ದು ನಡೆಯುತ್ತದೆ ಎಂಬುದು ನಮ್ಮ ಕೂಟಗಳಲ್ಲಿ ಗುಟ್ಟೇನಲ್ಲ. ಕೆಲವರು ಅದನ್ನು ಜಾಣತನವೆಂದೇ ಹೇಳಿಕೊಳ್ಳುತ್ತಾರೆ. ಅದು ಜಾಣತನವಲ್ಲ. ಇಂಗ್ಲಿಷಿನಲ್ಲಿ ಅದಕ್ಕೆ ಫ್ರಾಡ್ ಎನ್ನುತ್ತಾರೆ, ಕನ್ನಡದಲ್ಲಿ ಮೋಸ ಎನ್ನುತ್ತಾರೆ, ಮತ್ತು ಅದರಲ್ಲಿ ಮೊದಲು ಮೋಸಹೋಗುವುದು ಸರ್ಕಾರವಲ್ಲ, ಆ ಹುಡುಗಿ.

ವಿದ್ಯಾರ್ಥಿ ವೀಸಾದಲ್ಲಿರುವವರು ತರಗತಿಗಳು ನಡೆಯುವ ಅವಧಿಯಲ್ಲಿ ಎರಡು ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ನಮ್ಮ ಮನೆಯ ಗಂಟೆಗಳು, ಅಂಗಡಿಯ ಗಂಟೆಗಳು ಎಲ್ಲ ಸೇರಿ ಆ ಮಿತಿ. ಅದನ್ನು ಮೀರುವಂತೆ ಒತ್ತಾಯಿಸಿದ ಉದ್ಯೋಗದಾತರನ್ನೇ ಶಿಕ್ಷಿಸುವ ತಿದ್ದುಪಡಿ 2024ರ ಜುಲೈಯಿಂದ ಜಾರಿಯಲ್ಲಿದೆ. ಉದ್ಯೋಗದಾತರೆಂದರೆ ಕಾರ್ಖಾನೆಯ ಮಾಲೀಕರು ಮಾತ್ರವಲ್ಲ. ಕೆಲಸದ ಹೊತ್ತು, ವಿಧಾನ, ಜಾಗ ಎಲ್ಲವನ್ನೂ ನಾವೇ ಗೊತ್ತುಮಾಡಿ, ವಾರವಾರವೂ ಅದೇ ವ್ಯಕ್ತಿಯನ್ನು ಕರೆಸಿಕೊಳ್ಳುತ್ತಿದ್ದರೆ, ಅವರ ಬಳಿ ಎಬಿಎನ್ ಇದ್ದರೂ ಕಾನೂನು ಅವರನ್ನು ನಮ್ಮ ನೌಕರರೆಂದು ಪರಿಗಣಿಸಬಹುದು. ಹಾಗೆ ಪರಿಗಣಿಸಿದಾಗ ಕನಿಷ್ಠ ವೇತನವನ್ನು ಗೊತ್ತುಮಾಡುವ, ಅವಾರ್ಡ್ ಎಂಬ ನಿಯಮಾವಳಿ ಅನ್ವಯಿಸುತ್ತದೆ, ರಜೆಯಿಲ್ಲದ ಕ್ಯಾಶುಯಲ್ ನೌಕರರಿಗೆ ಶೇ. 25ರಷ್ಟು ಹೆಚ್ಚುವರಿ ಬರುತ್ತದೆ, ತೆರಿಗೆ ಕಡಿತದ ಹೊಣೆ ಬರುತ್ತದೆ, ರಾಜ್ಯದ ನಿಯಮದಂತೆ ಕೆಲಸಗಾರರ ವಿಮೆಯ ಪ್ರಶ್ನೆಯೂ ಬರುತ್ತದೆ. ಸೂಪರ್, ಅಂದರೆ ನೌಕರರ ನಿವೃತ್ತಿ ನಿಧಿಗೆ ಉದ್ಯೋಗದಾತರು ಕಟ್ಟುವ ಹಣದ ವಿಷಯದಲ್ಲಿ ಮನೆಯ ಖಾಸಗಿ ನೌಕರರಿಗೆ ಬೇರೆ ನಿಯಮವಿದೆ: ವಾರಕ್ಕೆ 30 ಗಂಟೆ ಮೀರಿದರೆ ಕಟ್ಟಲೇಬೇಕು, 2025ರ ಜುಲೈ 1ರಿಂದ ದರ ಶೇ. 12. ನಿಮ್ಮ ಸಂದರ್ಭ ಯಾವುದೆಂದು ತೆರಿಗೆ ಕಚೇರಿಯನ್ನು ಕೇಳಿ ಉತ್ತರವನ್ನು ಬರಹದಲ್ಲಿ ಪಡೆದಿಟ್ಟುಕೊಳ್ಳಿ. ಗೆಳೆಯರ ವಾಟ್ಸ್ಆ್ಯಪ್ ಗುಂಪಿನ ಉತ್ತರಕ್ಕೆ ನಾಳೆ ಯಾರೂ ಜವಾಬ್ದಾರರಲ್ಲ. ಮಗನನ್ನು ಎತ್ತುವಾಗ ಆ ಹುಡುಗಿಯ ಬೆನ್ನು ಉಳುಕಿ ಆರು ತಿಂಗಳು ಏಳಲಾಗದಿದ್ದರೆ, ಲೆಕ್ಕಕ್ಕೇ ಸಿಗದ ನಗದು ಕೂಲಿಯವಳು ವಿಮೆಯ ಪರಿಹಾರಕ್ಕೆ ಎಷ್ಟು ಅಲೆಯಬೇಕಾದೀತು ಎಂಬುದನ್ನಾದರೂ ಯೋಚಿಸಿ.

ಇಷ್ಟೆಲ್ಲ ತೊಡಕು ಬೇಡವೆನ್ನುವವರಿಗೆ ಪಾವತಿಪಟ್ಟಿಯನ್ನು ಸಿದ್ಧಪಡಿಸಿಕೊಡುವ ಸೇವೆಗಳಿವೆ, ಅವಕ್ಕೆ ತಗಲುವ ಖರ್ಚನ್ನು ಗಂಟೆಯ ದರದೊಳಗೇ ಸೇರಿಸಿಕೊಳ್ಳಲು ಸ್ವಯಂ ನಿರ್ವಹಣೆಯಲ್ಲಿ ಅವಕಾಶವಿದೆ. 55 ಡಾಲರ್ ಎಂದು ನಾನು ಮೇಲೆ ಹಾಕಿದ ಲೆಕ್ಕ ಆ ಅರ್ಥದ್ದು: ಕೆಲಸದವರಿಗೆ ಸಲ್ಲಬೇಕಾದ್ದೆಲ್ಲ ಸೇರಿದ ಒಟ್ಟು ಮೊತ್ತ, ಕೆಲಸದವರ ಹೊಟ್ಟೆಯ ಮೇಲೆ ಹೊಡೆದು ಉಳಿಸಿದ್ದಲ್ಲ. ಹಿನ್ನೆಲೆ ತಪಾಸಣೆಯ ವಿಷಯದಲ್ಲೂ ಇದೇ ಮಾತು. ನೋಂದಣಿಯಿಲ್ಲದವರಿಗೆ ಎನ್‌ಡಿಐಎಸ್ ವರ್ಕರ್ ಸ್ಕ್ರೀನಿಂಗ್ ಎಲ್ಲ ಸಂದರ್ಭದಲ್ಲೂ ಕಡ್ಡಾಯವಲ್ಲ, ಆದರೆ ಮಾಡಿಸಿಕೊಂಡು ಬನ್ನಿ ಎಂದು ಕೇಳುವ ಹಕ್ಕು ನಮಗಿದೆ. ಪರಿಚಯದವರ ಮಗ ಎಂಬುದು ತಪಾಸಣೆಯಲ್ಲ. ಮಾತು ಬಾರದ, ಮೈಮುಟ್ಟಿ ಮಾಡುವ ಆರೈಕೆ ಬೇಕಾದ ವ್ಯಕ್ತಿಯನ್ನು ಯಾರ ಕೈಗೊಪ್ಪಿಸುತ್ತಿದ್ದೇವೆಂದು ಕೇಳಲು ದಾಕ್ಷಿಣ್ಯ ಪಡುವ ನಾವು, ಮನೆ ಬಾಡಿಗೆಗೆ ಕೊಡುವಾಗ ಹತ್ತು ಕಡೆ ವಿಚಾರಿಸುತ್ತೇವೆ.

ಎರಡನೆಯ ಮಾತು ಹಣ ಯಾರದೆಂಬುದು. ಕರ್ನಾಟಕದಲ್ಲಿ ತೀವ್ರ ಅಂಗವೈಕಲ್ಯವಿರುವವರಿಗೆ ತಿಂಗಳಿಗೆ 1,400 ರೂಪಾಯಿ ಮಾಸಾಶನ ಬರುವುದನ್ನು ನಾವು ನೋಡಿದ್ದೇವೆ. ಆರೈಕೆ ಮಾಡುವವರಿಗೂ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ 2024–25ರ ರಾಜ್ಯ ಬಜೆಟ್ ಘೋಷಿಸಿತು, ಅದೂ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿಯಂಥ ಕೆಲವೇ ಸ್ಥಿತಿಗಳಿಗೆ. ಆ ಹಣವನ್ನು ಅಕ್ಕಿಗೆ ಖರ್ಚು ಮಾಡಿದಿರೋ ಔಷಧಿಗೆ ಖರ್ಚು ಮಾಡಿದಿರೋ ಎಂದು ಯಾರೂ ಕೇಳುವುದಿಲ್ಲ, ಕೇಳಲೂಬಾರದು, ಏಕೆಂದರೆ ಅದು ಬದುಕಿಗೆ ಕೊಟ್ಟ ನೆರವು. ಆಸ್ಟ್ರೇಲಿಯಾದಲ್ಲಿ ಅದಕ್ಕೆ ಸಾಟಿಯಾದುದು ಅಂಗವೈಕಲ್ಯ ಪಿಂಚಣಿ. ಆರೈಕೆದಾರರಿಗೆ ಕೇರರ್ ಅಲೊವನ್ಸ್ ಮತ್ತು ಕೇರರ್ ಪೇಮೆಂಟ್ ಇವೆ. ಅವೆಲ್ಲ ಸರ್ವಿಸಸ್ ಆಸ್ಟ್ರೇಲಿಯಾ ಎಂಬ ಸರ್ಕಾರಿ ಸಂಸ್ಥೆಯಿಂದ ಬರುತ್ತವೆ. ಎನ್‌ಡಿಐಎಸ್ ಹಣ ಆ ಜಾತಿಯದಲ್ಲ. ಅದು ಆದಾಯವಲ್ಲ, ಅದಕ್ಕೆ ತೆರಿಗೆಯೂ ಇಲ್ಲ, ಪಿಂಚಣಿಯ ಆದಾಯ ಪರೀಕ್ಷೆಯಲ್ಲಿ ಅದನ್ನು ಎಣಿಸುವುದೂ ಇಲ್ಲ. ಅದು ನಿರ್ದಿಷ್ಟ ವ್ಯಕ್ತಿಯ ನಿರ್ದಿಷ್ಟ ಅಗತ್ಯಕ್ಕೆ ಮೀಸಲಾದ ಮೊತ್ತ. ಊರಿನ ಮಾಸಾಶನದ ಕಣ್ಣಿನಿಂದ ಇದನ್ನು ನೋಡುವುದೇ ನಮ್ಮವರ ಅರ್ಧದಷ್ಟು ತೊಂದರೆಗಳಿಗೆ ಮೂಲವೆಂದು ನನ್ನ ಅನಿಸಿಕೆ.

2024ರ ಅಕ್ಟೋಬರ್ 3ರಿಂದ ಯಾವುದಕ್ಕೆ ಖರ್ಚು ಮಾಡಬಹುದು, ಯಾವುದಕ್ಕೆ ಮಾಡುವಂತಿಲ್ಲ ಎಂಬ ಪಟ್ಟಿಗಳೇ ಕಾನೂನಿನ ಬಲ ಪಡೆದಿವೆ. ದಿನಸಿ, ಮನೆ ಬಾಡಿಗೆ, ಪ್ರವಾಸದ ಟಿಕೆಟ್ ಇವೆಲ್ಲ ಹೊರಗೆ. ಅದಕ್ಕೂ ಮೊದಲು ಸ್ವಯಂ ನಿರ್ವಹಣೆಯಲ್ಲಿ ಇದ್ದ ವಿವೇಚನೆಯ ಅವಕಾಶ ಈಗ ಕಿರಿದಾಗಿದೆ, ಇದು ಕೆಲವರ ಬದುಕಿಗೆ ನಿಜಕ್ಕೂ ಪೆಟ್ಟು ಕೊಟ್ಟಿದೆ. ಆ ಪಟ್ಟಿಗಳನ್ನು ವಿಕಲಚೇತನರ ಸಂಘಟನೆಗಳು ಪ್ರಶ್ನಿಸುತ್ತಿರುವುದು ಸರಿಯಾಗಿಯೇ ಇದೆ. ಆದರೆ ಪ್ರಶ್ನಿಸುವುದು ಬೇರೆ, ಪಟ್ಟಿಯೇ ಇಲ್ಲವೆಂಬಂತೆ ನಡೆದುಕೊಳ್ಳುವುದು ಬೇರೆ. ನಿಯಮ ಮೀರಿ ಖರ್ಚಾದ ಹಣವನ್ನು ಸಾಲವೆಂದು ಘೋಷಿಸಿ ವಾಪಸು ಕೇಳುವ ಅಧಿಕಾರ ಏಜೆನ್ಸಿಗಿದೆ. ಸೇವೆ ಪಡೆದ ಎರಡು ವರ್ಷದೊಳಗೆ ಕ್ಲೇಮ್ ಹಾಕಬೇಕು, ದಾಖಲೆಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕು. 2025ರ ಮೇ 19ರಿಂದ ಹೊಸ ಪ್ಲಾನುಗಳಲ್ಲಿ ಹಣವನ್ನು ಒಟ್ಟಿಗೆ ಕೊಡದೆ ಅವಧಿಗಳಾಗಿ, ಸಾಮಾನ್ಯವಾಗಿ ಮೂರು ಮೂರು ತಿಂಗಳಿಗೆ, ಹಂಚಿ ಬಿಡುಗಡೆ ಮಾಡುತ್ತಾರೆ. ಒಂದು ಅವಧಿಯಲ್ಲಿ ಉಳಿದದ್ದು ಅದೇ ಪ್ಲಾನಿನ ಮುಂದಿನ ಅವಧಿಗೆ ಬರುತ್ತದೆ. ಮುಂದಿನದನ್ನು ಮೊದಲೇ ತೆಗೆಯುವಂತಿಲ್ಲ. ಡಿಸೆಂಬರ್ ರಜೆಯಲ್ಲಿ ಹೆಚ್ಚು ಗಂಟೆ ಬೇಕಾಗುವ ಮನೆಯವರು ಇಲ್ಲಿನ ಚಳಿಗಾಲದಿಂದಲೇ, ಅಂದರೆ ಜೂನ್–ಆಗಸ್ಟ್‌ನಿಂದಲೇ, ಉಳಿಸುತ್ತಾ ಬರಬೇಕಾದ್ದು ಇದಕ್ಕೇ.

ದಾಖಲೆಯ ಕೆಲಸಕ್ಕೆ ಹೆದರುವವರಿಗೆ ಹೇಳುತ್ತೇನೆ, ಅದು ಅಂಥ ಬೆಟ್ಟವೇನಲ್ಲ. ಈ ಹಣಕ್ಕೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ, ಮನೆಯ ಒಂದು ಡಾಲರನ್ನೂ ಅದರಲ್ಲಿ ಬೆರೆಸಬೇಡಿ. ಪ್ರತಿ ಇನ್‌ವಾಯ್ಸಿನಲ್ಲೂ ಯಾರು, ಯಾರಿಗೆ, ಯಾವ ದಿನ, ಎಷ್ಟು ಗಂಟೆ, ಏನು ಮಾಡಿದರು ಎಂಬುದಿರಲಿ. ‘ಆರೈಕೆ, 480 ಡಾಲರ್’ ಎಂದಷ್ಟೇ ಬರೆದ ಚೀಟಿಯನ್ನು ಪಡೆಯಬೇಡಿ. ಮೊದಲ ದಿನವೇ ಒಂದು ಪುಟದ ಒಪ್ಪಂದ ಬರೆದುಕೊಳ್ಳಿ. ಬರಲಾಗದಿದ್ದರೆ ಎಷ್ಟು ಮುಂಚೆ ಹೇಳಬೇಕು, ಹೇಳದಿದ್ದರೆ ಹಣವೆಷ್ಟು ಎಂಬುದು ಅದರಲ್ಲಿರಲಿ, ಏಕೆಂದರೆ ಜಗಳಗಳು ಹುಟ್ಟುವುದು ಬಂದ ದಿನಗಳ ಬಗ್ಗೆಯಲ್ಲ, ಬಾರದ ದಿನಗಳ ಬಗ್ಗೆ.

ಮೂರನೆಯ ಮಾತು ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ನಮ್ಮ ಮನೆಗಳಲ್ಲಿ ಹಣ ನಿರ್ವಹಿಸುವವರು ಅಪ್ಪ ಅಥವಾ ಅಮ್ಮ, ಕೆಲಸದವರನ್ನು ಆರಿಸುವವರೂ ಅವರೇ, ಯಾವ ಹೊತ್ತಿಗೆ ಸ್ನಾನ, ಯಾವ ಹೊತ್ತಿಗೆ ಹೊರಗೆ ಎಂಬುದನ್ನು ನಿರ್ಧರಿಸುವವರೂ ಅವರೇ. ಹದಿನೆಂಟರವರೆಗೆ ತಂದೆತಾಯಿ ಮಗುವಿನ ಪ್ರತಿನಿಧಿಗಳು, ಸರಿ. ಹದಿನೆಂಟು ತುಂಬಿದ ದಿನ ಆ ಅಧಿಕಾರ ತಾನಾಗಿ ಮುಂದುವರಿಯುವುದಿಲ್ಲ. ಆಮೇಲೆ ನಾಮಿನಿಯಾಗಿ ನೇಮಕವಾದರೂ, ಆ ವ್ಯಕ್ತಿಯ ಇಚ್ಛೆಯೇನೆಂದು ತಿಳಿದುಕೊಂಡು ಅವರ ವೈಯಕ್ತಿಕ ಮತ್ತು ಸಾಮಾಜಿಕ ಹಿತಕ್ಕೆ ತಕ್ಕಂತೆ ನಡೆದುಕೊಳ್ಳುವುದು ನಾಮಿನಿಯ ಕಾನೂನುಬದ್ಧ ಕರ್ತವ್ಯ. ಇದನ್ನು ಬರೀ ಕಾಗದದ ಮಾತೆಂದು ತಿಳಿಯಬೇಡಿ. ನಾವು ಕರೆತಂದಿದ್ದ ಒಬ್ಬ ಕೆಲಸಗಾರ ಎಲ್ಲ ರೀತಿಯಲ್ಲೂ ಒಳ್ಳೆಯವನು, ಸಮಯಕ್ಕೆ ಸರಿಯಾಗಿ ಬರುವವನು, ನಮ್ಮೂರಿನ ಕಡೆಯವನು. ನನ್ನ ಮಗ ಮಾತ್ರ ಅವನು ಬಂದಾಗಲೆಲ್ಲ ಮುಖ ತಿರುಗಿಸುತ್ತಿದ್ದ. ಚಿತ್ರಫಲಕ ಕೊಟ್ಟು ನಿಧಾನವಾಗಿ ಕೇಳಿದಾಗ ತಿಳಿದ ಕಾರಣ ಸರಳವಾಗಿತ್ತು: ಆ ಕೆಲಸಗಾರ ನನ್ನ ಮಗನೊಂದಿಗೆ ಮಾತಾಡದೆ ಇಡೀ ಹೊತ್ತು ನನ್ನೊಂದಿಗೇ ಮಾತಾಡುತ್ತಿದ್ದ. ಈಗಿರುವಾತ ಮಲಯಾಳಿ, ಕನ್ನಡ ಬಾರದು, ಕ್ರಿಕೆಟ್ ಹುಚ್ಚು. ಆರಿಸಿದ್ದು ನನ್ನ ಮಗ. ಕನ್ನಡ ಬಲ್ಲವರೇ ಬೇಕೆಂಬ ಹಟ ಅವನಿಗಿಂತ ಹೆಚ್ಚಾಗಿ ನನ್ನದಾಗಿತ್ತು ಎನ್ನುವುದು ಅಲ್ಲಿಗೆ ಗೊತ್ತಾಯಿತು. ವಾರದಲ್ಲಿ ಎರಡು ದಿನ ಬರುವ ಕನ್ನಡದ ಹೆಂಗಸನ್ನೂ ಅವನು ಉಳಿಸಿಕೊಂಡಿದ್ದಾನೆ, ಆದ್ದರಿಂದ ನನ್ನ ಹಟವೂ ಪೂರ್ತಿ ಸೋತಿಲ್ಲ.

ಬುದ್ಧಿಯ ಬೆಳವಣಿಗೆ ಕಡಿಮೆಯಿರುವವರನ್ನು ಕೇಳಿ ಏನು ಪ್ರಯೋಜನ ಎನ್ನುವವರಿದ್ದಾರೆ. ಲೆಕ್ಕ ಬಾರದವರಿಗೂ ಯಾರ ಕೈ ಮೈಮೇಲೆ ಬಿದ್ದರೆ ಹಿತ, ಯಾರದು ಅಹಿತ ಎಂಬುದು ಗೊತ್ತಿರುತ್ತದೆ. ಬಜೆಟ್ಟಿನ ಕೋಷ್ಟಕ ನಾವು ತುಂಬೋಣ, ಆದರೆ ಶನಿವಾರದ ನಾಲ್ಕು ಗಂಟೆಯನ್ನು ಈಜುಕೊಳಕ್ಕೆ ಬಳಸಬೇಕೋ ದೇವಸ್ಥಾನಕ್ಕೆ ಬಳಸಬೇಕೋ ಎಂಬುದು ನಮ್ಮ ತೀರ್ಮಾನವಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ಇನ್ನೂ ಒತ್ತಿ ಹೇಳಬೇಕು. ಮೂವತ್ತು ದಾಟಿದ ಮಗಳು ಸಪೋರ್ಟ್ ವರ್ಕರ್ ಜೊತೆ ಸಿನಿಮಾಕ್ಕೆ ಹೋಗುವುದು ಬೇಡ, ಯಾರಾದರೂ ನೋಡಿದರೆ ಏನೆಂದುಕೊಳ್ಳುತ್ತಾರೆ ಎಂದು, ಹೊರಗೆ ಹೋಗಲೆಂದೇ ಮಂಜೂರಾದ ಗಂಟೆಗಳನ್ನು ಮನೆ ಗುಡಿಸಲು ಬಳಸುವ ಮನೆಗಳಿವೆ. ಸಂಸ್ಥೆಯವರು ಹೀಗೆ ಮಾಡಿದ್ದರೆ ನಾವೇ ದೂರು ಕೊಡುತ್ತಿದ್ದೆವು.

ಸ್ವಯಂ ನಿರ್ವಹಣೆ ಎಲ್ಲರಿಗೂ ಹೊಂದುವುದಿಲ್ಲ, ಹೊಂದಬೇಕಾಗಿಯೂ ಇಲ್ಲ. ಎರಡು ಪಾಳಿ ದುಡಿಯುವ, ಒಬ್ಬರೇ ಇರುವ, ಇಂಗ್ಲಿಷಿನ ಕಾಗದಪತ್ರ ಕಷ್ಟವಾಗುವ ಮನೆಯವರು ಪ್ಲಾನ್ ಮ್ಯಾನೇಜರನ್ನು ಇಟ್ಟುಕೊಂಡರೆ ಅದರಲ್ಲಿ ಕೀಳರಿಮೆಗೆ ಕಾರಣವಿಲ್ಲ. ಅದರ ಶುಲ್ಕ ಪ್ರತ್ಯೇಕವಾಗಿ ಮಂಜೂರಾಗುತ್ತದೆ, ಆರೈಕೆಯ ಹಣದಿಂದ ಕಡಿತವಾಗುವುದಿಲ್ಲ. ‘ನಾವೇ ಮಾಡಿದರೆ ಆ ಹಣವೂ ಉಳಿಯುತ್ತದೆ’ ಎಂಬ ಮಾತು ಪೂರ್ತಿ ತಪ್ಪು: ಸ್ವಯಂ ನಿರ್ವಹಣೆಗೆ ಬದಲಾದರೆ ಆ ಬಾಬತ್ತು ನಿಮ್ಮ ಕೈಗೆ ಬರುವುದಿಲ್ಲ, ಬಾಬತ್ತೇ ಇರುವುದಿಲ್ಲ. ಹಾಗೆಯೇ ಮನೆಮಂದಿಯೇ ಆರೈಕೆ ಮಾಡಿ ಅದಕ್ಕೆ ಈ ಹಣದಿಂದ ಸಂಬಳ ಪಡೆಯುವುದಕ್ಕೆ ತೀರಾ ಅಪರೂಪದ ಸಂದರ್ಭಗಳನ್ನು ಬಿಟ್ಟರೆ ಒಪ್ಪಿಗೆಯಿಲ್ಲ. ಪ್ಲಾನಿನ ಮೊತ್ತವೇ ಸಾಲದೆಂದು ಅನಿಸಿದರೆ ಮೂರು ತಿಂಗಳೊಳಗೆ ಆಂತರಿಕ ಮರುಪರಿಶೀಲನೆಗೆ ಕೋರಬಹುದು, ಅಲ್ಲೂ ಆಗದಿದ್ದರೆ 2024ರ ಅಕ್ಟೋಬರಿನಿಂದ ಹಳೆಯ ಮೇಲ್ಮನವಿ ಮಂಡಳಿಯ ಜಾಗಕ್ಕೆ ಬಂದಿರುವ ಆಡಳಿತ ಮರುಪರಿಶೀಲನಾ ನ್ಯಾಯಮಂಡಳಿಗೆ ಹೋಗಬಹುದು. ದುಭಾಷಿ ಬೇಕೆಂದು ಕೇಳುವುದು ಹಕ್ಕು, ಅದಕ್ಕೆ ನೀವು ಹಣ ಕೊಡಬೇಕಿಲ್ಲ.

ಕನ್ನಡ ಸಂಘಗಳ ಪದಾಧಿಕಾರಿಗಳಲ್ಲಿ ನನ್ನ ಕೋರಿಕೆ ಸಣ್ಣದು. ವರ್ಷಕ್ಕೊಮ್ಮೆ, ಜುಲೈನಲ್ಲಿ ಹೊಸ ದರಪಟ್ಟಿ ಬಂದ ಮೇಲೆ, ಈ ವಿಷಯಕ್ಕೆಂದೇ ಒಂದು ಮಧ್ಯಾಹ್ನ ಮೀಸಲಿಡಿ. ವೇದಿಕೆಯ ಮೇಲೆ ವೈದ್ಯರನ್ನೂ ದಾನಿಗಳನ್ನೂ ಕೂರಿಸುವ ಬದಲು ತಮ್ಮ ಹಣವನ್ನು ತಾವೇ ನಿರ್ವಹಿಸುತ್ತಿರುವ ವಿಕಲಚೇತನರನ್ನು ಕರೆಯಿರಿ; ನಮ್ಮಲ್ಲೇ ಅಂಥವರಿದ್ದಾರೆ. ವಿದ್ಯಾರ್ಥಿಗಳನ್ನೂ ಅದೇ ಸಭೆಗೆ ಕರೆದು ಅವರ ಹಕ್ಕುಗಳನ್ನು ಅವರ ಮುಂದೆಯೇ, ನಮ್ಮ ಮುಂದೆಯೇ ಓದಿ ಹೇಳಿ. ಸಭಾಂಗಣ ಗೊತ್ತುಮಾಡುವಾಗ ಗಾಲಿಕುರ್ಚಿ ಒಳಗೆ ಬರುತ್ತದೆಯೇ, ಬಳಸಬಹುದಾದ ಶೌಚಾಲಯ ಇದೆಯೇ ಎಂದು ಮೊದಲು ಹೋಗಿ ನೋಡಿ ಬನ್ನಿ. ಲೆಕ್ಕದ ಹಾಳೆಯೊಂದನ್ನು, ಇನ್‌ವಾಯ್ಸ್ ಮತ್ತು ಒಪ್ಪಂದದ ಮಾದರಿಗಳನ್ನು ಕನ್ನಡದಲ್ಲಿ ಸಿದ್ಧಪಡಿಸಿ ಕೊಡುವ ಹೊಣೆ ನನ್ನದು, ಅದಕ್ಕೆ ಶುಲ್ಕವಿಲ್ಲ.

ಇತಿ,
ಮೆಲ್ಬರ್ನ್‌ನಲ್ಲಿರುವ ಒಬ್ಬ ತಾಯಿ ಮತ್ತು ನಾಮಿನಿ